ಮಾವ ತಂದ ಆಮೆಮರಿ

ಮಗಳ ಏಳನೇ ಹುಟ್ಟುಹಬ್ಬವನ್ನು 2024ರ ಜನವರಿಯಲ್ಲಿ ಬೆಂಗಳೂರಿನ ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲೇ ಮಾಡಿದೆವು. ಕೇಕ್ ಕತ್ತರಿಸಿ ಆಗಿತ್ತು. ಮಕ್ಕಳು ತಟ್ಟೆ ಹಿಡಿದು ಮನೆ ತುಂಬ ಓಡಾಡುತ್ತಿದ್ದರು. ಅಷ್ಟರಲ್ಲಿ ಅಣ್ಣ ಬಂದ. ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಎರಡು ಬೆರಳು ನೀರು, ಒಂದು ಪ್ಲಾಸ್ಟಿಕ್ ತೆಂಗಿನಮರ. ಅದರ ಬುಡದಲ್ಲಿ ಹತ್ತು ರೂಪಾಯಿ ನಾಣ್ಯಕ್ಕಿಂತ ಚೂರು ದೊಡ್ಡದಾದ ಹಸಿರು ಆಮೆಮರಿ.

"ನಾಯಿ ಬೇಕು ಅಂತ ಹಠ ಮಾಡ್ತಿದ್ಲಲ್ಲ. ಇದು ಬೊಗಳಲ್ಲ, ಕೂದಲು ಉದುರಲ್ಲ. ಸುಮ್ನೆ ಒಂದು ಮೂಲೇಲಿ ಇರುತ್ತೆ" ಅಂದ.

ಮಗಳು ಡಬ್ಬಿಯನ್ನು ಎದೆಗೆ ಅವಚಿಕೊಂಡು ಎಲ್ಲರಿಗೂ ತೋರಿಸಿ ಬಂದಳು. ಮರಿಯ ಕಣ್ಣಿನ ಹಿಂದೆ ಒಂದು ಕೆಂಪು ಗೆರೆ ಇತ್ತು. ಅದನ್ನು ನೋಡಿ ಅಲ್ಲೇ ಹೆಸರಿಟ್ಟಳು, ಕುಂಕುಮ. ನಮ್ಮ ಅಮ್ಮನಿಗಂತೂ ಹೆಸರು ತುಂಬಾ ಹಿಡಿಸಿತು. "ಆಮೆ ಅಂದ್ರೆ ಕೂರ್ಮಾವತಾರ ಕಣೇ. ಸೋದರಮಾವ ತಂದಿದ್ದನ್ನ ಬೇಡ ಅನ್ನಬಾರದು" ಎಂದು ನನ್ನ ಮುಖ ನೋಡಿದರು. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

ಎಲ್ಲರೂ ಹೋದ ಮೇಲೆ ಅಣ್ಣನನ್ನು ಬಾಲ್ಕನಿಗೆ ಕರೆದೆ. "ತರೋ ಮುಂಚೆ ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಅಣ್ಣ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಅಣ್ಣ ಕೆಟ್ಟವನಲ್ಲ. ನನ್ನ ಮಕ್ಕಳೆಂದರೆ ಪ್ರಾಣ ಅವನಿಗೆ. ಆದರೆ ಆ ಮಾತು ನನಗೆ ನಾಟಿತು. ಅವನು ಕೇಳಲು ಮರೆತಿರಲಿಲ್ಲ. ಉತ್ತರ ಗೊತ್ತಿದ್ದೇ ಕೇಳಿರಲಿಲ್ಲ. ಮಗುವಿನ ಕೈಗೆ ಒಂದು ಜೀವ ಕೊಟ್ಟ ಮೇಲೆ ಯಾವ ಅಮ್ಮ ತಾನೇ ಅದನ್ನು ಕಿತ್ತುಕೊಳ್ಳುತ್ತಾಳೆ? ಕಿತ್ತುಕೊಂಡರೆ ಅಳು, ಬಿಟ್ಟರೆ ಜವಾಬ್ದಾರಿ. ಎರಡೂ ನನ್ನ ಪಾಲಿಗೇ. ಕೊಟ್ಟವರಿಗೆ ಮಗುವಿನ ನಗು ಸಿಕ್ಕಿರುತ್ತದೆ, ಅವರು ಮನೆಗೆ ಹೋಗಿರುತ್ತಾರೆ.

ಅಂಗಡಿಯವನು ಅಣ್ಣನಿಗೆ "ಇದು ಇಷ್ಟೇ ಇರುತ್ತೆ ಸರ್, ಬೆಳೆಯಲ್ಲ" ಎಂದಿದ್ದನಂತೆ. ಜೊತೆಗೆ ಒಣ ಸೀಗಡಿಯ ಒಂದು ಡಬ್ಬಿ ಕೊಟ್ಟು, ದಿನಾ ನಾಲ್ಕು ಹಾಕಿದರೆ ಸಾಕು ಅಂದಿದ್ದ. ರಾತ್ರಿ ಮಕ್ಕಳು ಮಲಗಿದ ಮೇಲೆ ನಾನು ಕೂತು ಓದಿದೆ. ಇದರ ಹೆಸರು ರೆಡ್ ಇಯರ್ಡ್ ಸ್ಲೈಡರ್. ಅಮೆರಿಕದ ಮಿಸಿಸಿಪಿ ನದಿಯ ಕಡೆಯ ಆಮೆ. ಹೆಣ್ಣಾದರೆ ಚಿಪ್ಪೇ 25ರಿಂದ 30 ಸೆಂಟಿಮೀಟರ್ ಬೆಳೆಯುತ್ತದೆ, ಅಂದರೆ ಊಟದ ತಟ್ಟೆಯಷ್ಟು ಅಗಲ. ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕುತ್ತದೆ. ನನ್ನ ಮಗಳಿಗೆ ಆಗ 37 ಆಗಿರುತ್ತದೆ. ಅವಳು ಓದು, ಕೆಲಸ, ಮದುವೆ ಅಂತ ಎಲ್ಲಿರುತ್ತಾಳೋ ಏನೋ.

ಇನ್ನೊಂದು ವಿಷಯ ಓದಿದ ಮೇಲೆ ನಿದ್ದೆ ಬರಲಿಲ್ಲ. ಅಮೆರಿಕದಲ್ಲಿ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು ನಿಲ್ಲಿಸಿದ್ದಾರೆ. ನೋಡಲು ಆರೋಗ್ಯವಾಗಿರುವ ಆಮೆಯ ಮೈಮೇಲೂ, ಅದರ ನೀರಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಚಿಕ್ಕ ಮಕ್ಕಳು ಅಂಥ ಮರಿಯನ್ನು ಮುಟ್ಟಿ, ಬಾಯಿಗಿಟ್ಟುಕೊಂಡು ಜ್ವರ, ಭೇದಿ ಅಂತ ಮಲಗುತ್ತಿದ್ದರು. ಐದು ವರ್ಷದೊಳಗಿನವರಿಗೆ ಅಪಾಯ ಜಾಸ್ತಿ. ನಮ್ಮ ಮಗ ಆಗಿನ್ನೂ ಅಂಬೆಗಾಲಿಡುತ್ತಿದ್ದ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು. ಅಣ್ಣ ನೋಡಿದರೆ ಡಬ್ಬಿಯನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆದುಬಿಡು ಎಂದು ಹೇಳಿ ಹೋಗಿದ್ದ. ಬೆಳಗ್ಗೆ ಎದ್ದವಳೇ ಆಮೆಗೆಂದೇ ಬೇರೆ ಬಕೆಟ್, ಬೇರೆ ಬ್ರಷ್ ತಂದು ಬಾತ್‌ರೂಮಿನಲ್ಲಿಟ್ಟೆ. ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಲೇಬೇಕು ಅಂತ ಮಾಡಿದೆ. ಮಗಳು ಇವತ್ತಿಗೂ ಅದನ್ನು ತಪ್ಪಿಸಿಲ್ಲ.

ಕೆಲವು ವಾರ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಕುಂಕುಮ ತಿನ್ನುವುದನ್ನು ನಿಲ್ಲಿಸಿತು. ಎರಡೂ ಕಣ್ಣು ಊದಿಕೊಂಡು ಮುಚ್ಚಿದ್ದವು. ಮಗಳು ಸ್ಕೂಲಿನಿಂದ ಬಂದವಳು ಯೂನಿಫಾರ್ಮ್ ಕೂಡ ಬಿಚ್ಚದೆ ಡಬ್ಬಿಯ ಮುಂದೆ ಕೂತುಬಿಟ್ಟಳು. "ಅಮ್ಮಾ, ಇದು ಸತ್ತೋಗುತ್ತಾ?" ಅಂತ ಕೇಳಿದಳು. ಏನು ಹೇಳಲಿ? ಹತ್ತಿರದ ಪಶುವೈದ್ಯರಿಗೆ ಫೋನ್ ಮಾಡಿದರೆ ನಾಯಿ, ಬೆಕ್ಕು ಮಾತ್ರ ನೋಡುತ್ತೇವೆ ಎಂದರು. ಇನ್ನೊಬ್ಬರೂ ಅದನ್ನೇ ಹೇಳಿದರು. ಕೊನೆಗೆ ಹಕ್ಕಿ, ಆಮೆಗಳನ್ನು ನೋಡುವ ಒಬ್ಬ ಡಾಕ್ಟರು ಊರಿನ ಆ ತುದಿಯಲ್ಲಿ ಸಿಕ್ಕರು. ಮಗನನ್ನು ಅಮ್ಮನ ಕೈಗೆ ಕೊಟ್ಟು, ಸಂಜೆಯ ಟ್ರಾಫಿಕ್ಕಿನಲ್ಲಿ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಮಗಳು ಡಬ್ಬಿ ಅಲುಗಾಡದ ಹಾಗೆ ತೊಡೆಯ ಮೇಲೆ ಹಿಡಿದು ಕೂತಿದ್ದಳು. ಪ್ರತಿ ಸಿಗ್ನಲ್‌ನಲ್ಲೂ ಬಗ್ಗಿ ನೋಡುತ್ತಿದ್ದಳು.

ಡಾಕ್ಟರು ಗದರಲಿಲ್ಲ, ತಾಳ್ಮೆಯಿಂದ ವಿವರಿಸಿದರು. ಬರೀ ಒಣ ಸೀಗಡಿ ತಿಂದರೆ ಎ ವಿಟಮಿನ್ ಸಾಲುವುದಿಲ್ಲ, ಕಣ್ಣು ಊದುವುದು ಅದಕ್ಕೇ. ಆಮೆಗೆ ಹತ್ತಿ ಕೂತು ಮೈ ಒಣಗಿಸಿಕೊಳ್ಳಲು ಒಂದು ಜಾಗ ಬೇಕು. ನೇರ ಬಿಸಿಲು ಬೇಕು. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಿನಿಂದ ಪ್ರಯೋಜನವಿಲ್ಲ, ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ. ಬಿಸಿಲು ಸಿಗದಿದ್ದರೆ ಅದೇ ಕಿರಣ ಕೊಡುವ ಯುವಿಬಿ ದೀಪ ಹಾಕಬೇಕು, ಇಲ್ಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ನಮ್ಮೂರಿನ ಚಳಿಗಾಲದ ರಾತ್ರಿಗಳಿಗೆ ನೀರಿಗೆ ಹೀಟರ್ ಇರಬೇಕು. ಕೊಳೆ ನೀರು ಬೇಡ, ಫಿಲ್ಟರ್ ಬೇಕು. ಮಗಳು ತನ್ನ ರಫ್ ನೋಟಿನಲ್ಲಿ ಎಲ್ಲ ಬರೆದುಕೊಂಡಳು. ಅಣ್ಣ ಹೇಳಿದ "ಸುಮ್ನೆ ಒಂದು ಮೂಲೇಲಿ ಇರುತ್ತೆ" ಅನ್ನುವ ಪ್ರಾಣಿಗೆ ಬೇಕಾದ ವಸ್ತುಗಳು ಇಷ್ಟು.

ಔಷಧಿ ಹಾಕಿದ ಮೇಲೆ ನಿಧಾನವಾಗಿ ಕಣ್ಣು ಬಿಟ್ಟಿತು. ಅಷ್ಟರಲ್ಲಿ ಬೇಸಿಗೆ ಬಂತು. 2024ರ ಬೇಸಿಗೆಯನ್ನು ಬೆಂಗಳೂರಿನವರು ಯಾರೂ ಮರೆತಿರಲಾರರು. ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಮಾರ್ಚ್‌ನಲ್ಲಿ ಆದೇಶ ಹೊರಡಿಸಿತ್ತು. ಸಂಪಿನಲ್ಲಿ ಎಷ್ಟು ನೀರಿದೆ ಎಂದು ಬೆಳಗ್ಗೆ ಎದ್ದ ಕೂಡಲೇ ನೋಡುವುದು ನಮ್ಮ ಬಿಲ್ಡಿಂಗಿನ ಎಲ್ಲರಿಗೂ ಅಭ್ಯಾಸವಾಗಿತ್ತು. ಅಂಥದ್ದರಲ್ಲಿ ಆಮೆಯ ತೊಟ್ಟಿಯ ನೀರು ಬದಲಿಸಬೇಕು. ನಲ್ಲಿ ನೀರಿನ ಕ್ಲೋರಿನ್ ಹೋಗಲಿ ಅಂತ ಒಂದು ದಿನ ಮೊದಲೇ ಬಕೆಟಿನಲ್ಲಿ ಹಿಡಿದಿಡುತ್ತಿದ್ದೆ. ತೆಗೆದ ನೀರು ಬಾಲ್ಕನಿಯ ಕರಿಬೇವಿಗೆ, ದಾಸವಾಳಕ್ಕೆ. ಅದನ್ನೆಲ್ಲ ಬೇಸರದಿಂದ ಮಾಡಲಿಲ್ಲ. ಅಷ್ಟು ಹೊತ್ತಿಗೆ ಕುಂಕುಮನ ಮೇಲೆ ನನಗೂ ಮಮತೆ ಬಂದಿತ್ತು. ಆದರೆ ಮನೆಯಲ್ಲಿ ಎರಡು ಮಕ್ಕಳು, ಆಫೀಸು, ಮಂಡಿನೋವಿನ ಅಮ್ಮ. ಇದರ ನಡುವೆ ಇನ್ನೊಂದು ಜೀವದ ಹೊಣೆ ಹೊರುತ್ತೀಯಾ ಅಂತ ನನ್ನನ್ನು ಯಾರಾದರೂ ಕೇಳಬೇಕಿತ್ತು, ಅಲ್ವಾ?

ಕಷ್ಟ ಹೇಳಿಕೊಂಡಾಗಲೆಲ್ಲ ನೆಂಟರ ಬಾಯಲ್ಲಿ ಬರುತ್ತಿದ್ದ ಪರಿಹಾರ ಒಂದೇ. "ಲಾಲ್‌ಬಾಗ್ ಕೆರೆಗೋ ಸ್ಯಾಂಕಿ ಕೆರೆಗೋ ಬಿಟ್ಟುಬಿಡು, ಪುಣ್ಯ ಬರುತ್ತೆ." ದೇವಸ್ಥಾನದ ಕಲ್ಯಾಣಿಗೆ ಬಿಡು ಎಂದವರೂ ಇದ್ದಾರೆ. ಇದು ಪುಣ್ಯದ ಕೆಲಸ ಅಲ್ಲವೇ ಅಲ್ಲ. ನಮ್ಮ ಕೆರೆಗಳಲ್ಲಿ ನಮ್ಮದೇ ಆಮೆಗಳಿವೆ. ಬಿಸಿಲು ಕಾಯುವ ಕಲ್ಲು, ತಿನ್ನುವ ಹುಳು, ಮೀನಿಗೆ ಈ ಹೊರಗಿನ ಆಮೆ ಅವುಗಳ ಜೊತೆ ಪೈಪೋಟಿಗೆ ಬೀಳುತ್ತದೆ, ರೋಗವನ್ನೂ ಹರಡಬಹುದು. ಬೇಡವಾದಾಗ ಜನ ಕೆರೆ, ನದಿಗೆ ಬಿಟ್ಟು ಬಿಟ್ಟೇ ಇದು ಎಷ್ಟೋ ದೇಶಗಳಲ್ಲಿ ಹಬ್ಬಿದೆ. ಜಗತ್ತಿನ 100 ಅತಿ ಹಾನಿಕಾರಕ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೂ ಇದರ ಹೆಸರಿದೆ. ಹುಟ್ಟುಹಬ್ಬದ ದಿನ ಡಬ್ಬಿಯಲ್ಲಿ ಬರುವ ಮರಿಗೂ ಕೆರೆಯಲ್ಲಿ ಜಾಗ ಕಳೆದುಕೊಳ್ಳುವ ನಮ್ಮ ಆಮೆಗೂ ನೇರ ಸಂಬಂಧವಿದೆ.

ಆಫೀಸಿನ ಗೆಳತಿಯ ಮನೆಯಲ್ಲೂ ಹೀಗೇ ಆಗಿತ್ತು. ತಾತ ಮೊಮ್ಮಗನಿಗೆ ಲ್ಯಾಬ್ರಡಾರ್ ಮರಿ ತಂದರು, ಇನ್ನೂ ತಾಯಿಯ ಹಾಲು ಬಿಡುವ ವಯಸ್ಸಲ್ಲ. ಎಂಟು ವಾರ ತುಂಬದ ನಾಯಿಮರಿಯನ್ನು ಮಾರುವಂತಿಲ್ಲ ಎಂದು 2017ರ ನಿಯಮವೇ ಇದೆ. ಇನ್ನು ಪಂಜರದ ಗಿಣಿಯಂತೂ ಕೊಡುವ ಮಾತೇ ಇಲ್ಲ. ನಮ್ಮ ಹಸಿರು ಗಿಣಿಯನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಪ್ರೀತಿಯಿಂದ ತಂದವರು ಮಗುವಿನ ಅಪ್ಪ ಅಮ್ಮನನ್ನು ಕೇಸಿಗೆ ಸಿಕ್ಕಿಸಿದ ಹಾಗಾಗುತ್ತದೆ.

ಮಳೆ ಶುರುವಾದ ಮೇಲೆ ಒಂದು ಭಾನುವಾರ ಅಣ್ಣನಿಗೆ ಎಲ್ಲ ಹೇಳಿದೆ. ಸೀಗಡಿ, ಕಣ್ಣು, ಆಟೋ, ಸಂಪು, ಒಂದೂ ಬಿಡಲಿಲ್ಲ. "ಕೇಳಿದ್ರೆ ಬೇಡ ಅಂತಿದ್ದೆ ಅಂದ್ಯಲ್ಲ, ಹೌದು ಅಣ್ಣ, ಅಂತಿದ್ದೆ. ಬೇಡ ಅನ್ನೋಕೆ ನನಗೆ ಕಾರಣ ಇತ್ತು. ಇನ್ಮುಂದೆ ಇಂಥದ್ದೇನಾದ್ರೂ ಇದ್ರೆ ಮಕ್ಕಳಿಲ್ಲದಾಗ ನನಗೆ ಫೋನ್ ಮಾಡು. ಅವಳ ಮುಂದೆ ಕೇಳಬೇಡ. ಅವಳ ಮುಂದೆ ಕೇಳಿದ್ರೆ ಅದು ಕೇಳಿದ ಹಾಗಲ್ಲ." ಅಣ್ಣ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ, ತೊಟ್ಟಿಯ ನೀರು ಬದಲಿಸುವುದು ಹೇಗೆಂದು ಮಗಳ ಹತ್ತಿರ ಕೇಳಿ ಕಲಿತ. ಈಗ ತಿಂಗಳಿಗೆರಡು ಭಾನುವಾರ ಆ ಕೆಲಸ ಅವನದೇ. ದಸರಾ ರಜೆಯಲ್ಲಿ ನಾವು ಊರಿಗೆ ಹೋದರೆ ಕುಂಕುಮ ಮಾವನ ಮನೆಯಲ್ಲಿ.

ಕುಂಕುಮ ಈಗ ನನ್ನ ಅಂಗೈಗಿಂತ ದೊಡ್ಡದು. ಮೂರು ಅಡಿ ಉದ್ದದ ತೊಟ್ಟಿಯಾದರೂ ಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆ ನೀರು ತುಂಬಿದರೆ 150 ಕಿಲೋ ಆಗುತ್ತದೆ. ನಮ್ಮದು ಮೊದಲನೇ ಮಹಡಿ, ಅಷ್ಟು ಭಾರ ಇಡಲು ಓನರ್ ಒಪ್ಪಬೇಕು. ಅಗ್ರಿಮೆಂಟ್ ಮುಂದಿನ ತಿಂಗಳು ಮುಗಿಯುತ್ತದೆ, ಆಗ ಕೇಳಬೇಕು. ತೊಟ್ಟಿಯ ಖರ್ಚು ಅಣ್ಣನದು. ಓನರ್ ಹತ್ತಿರ ಮಾತಾಡಲು ತಾನೂ ಬರುತ್ತೇನೆ ಎಂದಿದ್ದಾನೆ.