ಸಾಂಬ್ರಾದ ಬಾಗಿಲಲ್ಲಿ ಯಾವ ಕಾರ್ಡ್ ತೋರಿಸಬೇಕು?

ವಿಮಾನದ ಟಿಕೆಟ್ ತೆಗೆಸಿದವರಿಗೆ ಐಡಿ ಕಾರ್ಡಿನ ನೆನಪಾಗುವುದು ಹೊರಡುವ ಹಿಂದಿನ ರಾತ್ರಿ, ಬ್ಯಾಗ್ ತುಂಬುವಾಗ. ಅಷ್ಟೊತ್ತಿಗೆ ಅರ್ಧ ಕೆಲಸ ಕೆಟ್ಟಿರುತ್ತದೆ. ಯಾವ ಕಾರ್ಡ್ ತೋರಿಸುತ್ತೇವೆ ಎನ್ನುವುದನ್ನು ಬುಕ್ ಮಾಡುವ ಮುಂಚೆಯೇ ತೀರ್ಮಾನಿಸಿ, ಆ ಕಾರ್ಡನ್ನು ಎದುರಿಗಿಟ್ಟುಕೊಂಡು, ಅದರಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನೇ ಟಿಕೆಟ್‌ಗೆ ಇಳಿಸಬೇಕು. ದೇಶದೊಳಗಿನ ಪ್ರಯಾಣದಲ್ಲಿ ಐಡಿ ತಕರಾರು ಬಹುಪಾಲು ಹುಟ್ಟುವುದು ಈ ಕ್ರಮ ತಪ್ಪಿದಾಗ.

ಬೆಳಗಾವಿಯ ವಿಮಾನ ನಿಲ್ದಾಣ ಊರಿಂದ ಸುಮಾರು ಹತ್ತು ಕಿಲೋಮೀಟರ್ ಆಚೆ ಸಾಂಬ್ರಾದಲ್ಲಿದೆ. ಬಾಗಲಕೋಟೆಯವರಿಗೆ ಮೂರು ತಾಸಿನ ದಾರಿ, ವಿಜಯಪುರದವರಿಗೆ ಇನ್ನೂ ಹೆಚ್ಚು. ಮರೆತ ಕಾರ್ಡ್ ತರಲು ಮನೆಗೆ ಹೋಗಿಬರುವ ಮಾತೇ ಇಲ್ಲ. ಬಾಗಿಲಲ್ಲಿ ನಿಂತ ಭದ್ರತಾ ಸಿಬ್ಬಂದಿ ನೋಡುವುದು ಕೆಲವೇ ಸಂಗತಿ: ಟಿಕೆಟ್‌ನಲ್ಲಿರುವ ತಾರೀಖು ಮತ್ತು ವಿಮಾನದ ನಂಬರು, ಟಿಕೆಟ್‌ನ ಹೆಸರು ಕಾರ್ಡಿನ ಹೆಸರಿಗೆ ಹೊಂದುತ್ತದೆಯೇ, ಕಾರ್ಡಿನ ಫೋಟೊ ಎದುರಿನ ಮುಖಕ್ಕೆ ಹೊಂದುತ್ತದೆಯೇ. ವಿಳಾಸ ಅವರಿಗೆ ಬೇಕಿಲ್ಲ. ಗಡಿಭಾಗದ ಎಷ್ಟೋ ಮನೆಗಳಲ್ಲಿ ಮಹಾರಾಷ್ಟ್ರದ ವಿಳಾಸವಿರುವ, ಮರಾಠಿ ಅಕ್ಷರದ ಆಧಾರ್ ಇರುತ್ತದೆ. ಅದರಿಂದ ಏನೂ ತೊಂದರೆಯಿಲ್ಲ.

ಹೆಸರಿನ ವಿಷಯದಲ್ಲಿ ಮಾತ್ರ ನಮ್ಮ ಕಡೆಯವರಿಗೆ ಕಷ್ಟ ಜಾಸ್ತಿ. ನಾವು ಬಾಯಲ್ಲಿ ‘ಬಸವರಾಜ್’ ಅಂತೀವಿ, ಬರೆಯುವಾಗ ‘ಬಸವರಾಜ’. ಇಂಗ್ಲಿಷಿಗೆ ಹೋದಾಗ ಕೊನೆಯ ‘ಎ’ ಅಕ್ಷರ ಒಂದು ಕಾರ್ಡಿನಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಶ್ರೀಶೈಲ ಎಂಬ ಹೆಸರು ಒಂದು ಕಡೆ ‘ಎಸ್ ಎಚ್ ಆರ್’ ಎಂದು ಶುರುವಾದರೆ ಇನ್ನೊಂದು ಕಡೆ ‘ಎಸ್ ಆರ್’. ಮತದಾರರ ಚೀಟಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ತಿರುಗಿಸಿದ ಹೆಸರನ್ನು ಓದಿದರೆ ಕೆಲವೊಮ್ಮೆ ಅದು ನಮ್ಮದೇ ಎಂದು ನಂಬುವುದೂ ಕಷ್ಟ. ಒಂದಕ್ಷರದ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ, ಆದರೆ ಅದು ಎದುರಿಗಿರುವವರ ವಿವೇಚನೆಗೆ ಬಿಟ್ಟದ್ದು. ಅವರ ವಿವೇಚನೆಯ ಮೇಲೆ ಭರವಸೆ ಇಟ್ಟು ಪ್ರಯಾಣ ಹೂಡಬಾರದು.

ಇದಕ್ಕಿಂತ ದೊಡ್ಡ ತೊಡಕು ಮೂರಿವೆ. ಮೊದಲನೆಯದು ಇನಿಶಿಯಲ್. ಪ್ಯಾನ್ ಕಾರ್ಡಿನಲ್ಲಿ ‘ಬಸವರಾಜ ಶಿವಪ್ಪ ಪಾಟೀಲ’ ಎಂದು ಪೂರ್ತಿ ಹೆಸರಿದ್ದು ಟಿಕೆಟ್‌ನಲ್ಲಿ ‘ಬಿ ಎಸ್ ಪಾಟೀಲ’ ಎಂದಿದ್ದರೆ ಸಿಬ್ಬಂದಿ ಪ್ರಶ್ನೆ ಕೇಳುತ್ತಾರೆ, ಕೇಳಬೇಕಾದದ್ದೇ. ಅಪ್ಪನ ಹೆಸರು ಟಿಕೆಟ್‌ನಲ್ಲಿ ಬಿಟ್ಟುಹೋದರೆ ನಡೆಯುತ್ತದೆ. ಸ್ವಂತ ಹೆಸರು ಮತ್ತು ಅಡ್ಡಹೆಸರು ಮಾತ್ರ ಪೂರ್ತಿ ಇರಲಿ.

ಎರಡನೆಯದು ಮದುವೆಯಾದ ಹೆಣ್ಣುಮಕ್ಕಳ ಹೆಸರು. ನಮ್ಮಲ್ಲಿ ಕೆಲವು ಮನೆಗಳಲ್ಲಿ ಅಡ್ಡಹೆಸರಷ್ಟೇ ಅಲ್ಲ, ಹೆಸರನ್ನೇ ಬದಲಿಸುತ್ತಾರೆ. ಮನೆಯಲ್ಲಿ ಎಲ್ಲರೂ ಹೊಸ ಹೆಸರಿನಿಂದ ಕರೆಯುತ್ತಾರೆ, ಆಧಾರ್‌ನಲ್ಲಿ ತವರಿನ ಹೆಸರೇ ಉಳಿದಿರುತ್ತದೆ. ಗಂಡ ಟಿಕೆಟ್ ತೆಗೆಸುವಾಗ ಅಭ್ಯಾಸಬಲದಿಂದ ಹೊಸ ಹೆಸರು ಹೇಳಿಬಿಡುತ್ತಾನೆ. ಇದು ಸ್ಪೆಲಿಂಗ್ ತಪ್ಪಲ್ಲ, ಕಾಗದದ ಮೇಲೆ ಬೇರೆಯೇ ವ್ಯಕ್ತಿ. ಲಗ್ನಪತ್ರಿಕೆ ತೋರಿಸಿದರೂ ಕೆಲಸಕ್ಕೆ ಬರುವುದಿಲ್ಲ. ಕಾರ್ಡಿನಲ್ಲಿ ಹೆಸರು ಬದಲಾಗುವವರೆಗೆ ಟಿಕೆಟ್ ಹಳೆಯ ಹೆಸರಿನಲ್ಲೇ ಇರಬೇಕು.

ಮೂರನೆಯದು ಒಂಟಿ ಹೆಸರು. ಆಧಾರ್‌ನಲ್ಲಿ ಬರೀ ‘ಯಲ್ಲವ್ವ’ ಎಂದಿರುವ ಹಿರಿಯರಿಗೆ ಟಿಕೆಟ್ ತೆಗೆಸುವಾಗ ಅಡ್ಡಹೆಸರಿನ ಖಾನೆ ಖಾಲಿ ಬಿಡಲು ಬರುವುದಿಲ್ಲ. ಅಲ್ಲಿ ಊರಿನ ಹೆಸರನ್ನೋ ಮಗನ ಅಡ್ಡಹೆಸರನ್ನೋ ತುಂಬಬೇಡಿ. ಅದೇ ಹೆಸರನ್ನು ಎರಡೂ ಖಾನೆಗಳಲ್ಲಿ ಬರೆಯಲು ಹೇಳುವ ಕಂಪನಿಗಳಿವೆ. ನೀವು ಹೋಗುವ ವಿಮಾನದವರ ನಿಯಮ ಏನೆಂದು ಬುಕ್ ಮಾಡುವಾಗಲೇ ನೋಡಿಕೊಳ್ಳಿ.

ಟ್ರಾವೆಲ್ಸ್ ಅಂಗಡಿಯವರಿಗೆ ಫೋನಿನಲ್ಲಿ ಹೆಸರು ಹೇಳುವುದನ್ನು ಬಿಡಿ. ಕಾರ್ಡಿನಲ್ಲಿದ್ದ ಹಾಗೇ ಟೈಪ್ ಮಾಡಿ ಕಳಿಸಿ. ಟಿಕೆಟ್ ಬಂದ ಕೂಡಲೇ ಕಾರ್ಡಿನ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಅದೇ ದಿನ ಹೇಳಿದರೆ ಸಣ್ಣ ತಿದ್ದುಪಡಿ ಸಲೀಸು. ಪ್ರಯಾಣದ ದಿನ ಕೌಂಟರಿನಲ್ಲಿ ಹೇಳಿದರೆ ಅವರು ಪಿಎನ್‌ಆರ್, ಅಂದರೆ ನಿಮ್ಮ ಬುಕಿಂಗ್ ದಾಖಲೆ, ತೆರೆದು ಮಾಡಿಕೊಟ್ಟರೂ ಕೊಟ್ಟಾರು, ಇಲ್ಲವೆಂದರೂ ಅಂದಾರು. ಒಬ್ಬರ ಟಿಕೆಟನ್ನು ಇನ್ನೊಬ್ಬರ ಹೆಸರಿಗೆ ಮಾಡಲು ಮಾತ್ರ ಬರುವುದಿಲ್ಲ.

ಈಗ ಯಾವ ಕಾರ್ಡ್ ನಡೆಯುತ್ತದೆ ಎಂಬ ಮಾತು. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2017ರಲ್ಲಿ ಹತ್ತು ದಾಖಲೆಗಳ ಪಟ್ಟಿ ಹೊರಡಿಸಿತು. ಪಾಸ್‌ಪೋರ್ಟ್, ಮತದಾರರ ಚೀಟಿ, ಆಧಾರ್ ಅಥವಾ ಮೊಬೈಲಿನ ಎಂ-ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್: ಈ ಐದರಲ್ಲಿ ಒಂದಾದರೂ ಇಲ್ಲದ ಮನೆ ಕಡಿಮೆ. ಉಳಿದ ಐದಕ್ಕೆ ಒಂದೊಂದು ಷರತ್ತು ಅಂಟಿಕೊಂಡಿದೆ. ನೌಕರಿಯ ಐಡಿ ಅಂದರೆ ಕೇಂದ್ರ, ರಾಜ್ಯ ಸರ್ಕಾರ ಅಥವಾ ಸರ್ಕಾರಿ ಉದ್ಯಮಗಳದ್ದು. ಖಾಸಗಿ ಕಂಪನಿಯ ಕೊರಳ ಕಾರ್ಡ್ ಅಲ್ಲ. ವಿದ್ಯಾರ್ಥಿ ಐಡಿ ಅಂದರೆ ಸರ್ಕಾರಿ ಸಂಸ್ಥೆ ಕೊಟ್ಟದ್ದು. ಖಾಸಗಿ ಕಾಲೇಜು ಎಷ್ಟೇ ದೊಡ್ಡದಿರಲಿ, ಅದರ ಕಾರ್ಡನ್ನು ನೆಚ್ಚಬೇಡಿ. ಪಾಸ್‌ಬುಕ್ ಅಂದರೆ ರಾಷ್ಟ್ರೀಕೃತ ಬ್ಯಾಂಕಿನದು, ದೃಢೀಕರಿಸಿದ ಫೋಟೊ ಇರುವಂಥದ್ದು. ಇನ್ನೆರಡು, ಫೋಟೊ ಇರುವ ಪಿಂಚಣಿ ದಾಖಲೆ ಮತ್ತು ಸರ್ಕಾರ ಕೊಟ್ಟ ಅಂಗವಿಕಲರ ಗುರುತಿನ ಚೀಟಿ.

ಪಾಸ್‌ಬುಕ್ ವಿಷಯದಲ್ಲಿ ಎಡವುವವರು ನಮ್ಮ ಜಿಲ್ಲೆಗಳಲ್ಲಿ ಸಾಕಷ್ಟು. ಪತ್ತಿನ ಸಹಕಾರಿ ಸಂಘ, ಸೌಹಾರ್ದ, ಅರ್ಬನ್ ಬ್ಯಾಂಕ್, ಡಿಸಿಸಿ ಬ್ಯಾಂಕ್ ಓಣಿಗೊಂದು ಇವೆ, ಪಾಸ್‌ಬುಕ್‌ಗಳೂ ಅಚ್ಚುಕಟ್ಟಾಗಿರುತ್ತವೆ, ಫೋಟೊ ಮೇಲೆ ಗುಂಡಗಿನ ಸೀಲೂ ಇರುತ್ತದೆ. ಅವು ಯಾವುವೂ ರಾಷ್ಟ್ರೀಕೃತ ಅಲ್ಲ. ಗ್ರಾಮೀಣ ಬ್ಯಾಂಕೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಸಿಂಡಿಕೇಟ್ ಬ್ಯಾಂಕಿನ ಹಳೆಯ ಪಾಸ್‌ಬುಕ್ ಇಟ್ಟುಕೊಂಡವರು ನೆನಪಿಡಬೇಕು, ಆ ಬ್ಯಾಂಕು 2020ರ ಏಪ್ರಿಲ್‌ನಲ್ಲೇ ಕೆನರಾದಲ್ಲಿ ಸೇರಿಹೋಯಿತು.

ರೇಷನ್ ಕಾರ್ಡ್ ಪಟ್ಟಿಯಲ್ಲಿಲ್ಲ. ಇಡೀ ಮನೆಯವರ ಹೆಸರು, ಫೋಟೊ ಇದ್ದರೂ ಇಲ್ಲ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಕೂಡ ಇಲ್ಲ. ಓಟು ಹಾಕುವಾಗ ಜಾಬ್ ಕಾರ್ಡ್ ನಡೆಯುತ್ತದೆ, ಅಂಚೆ ಕಚೇರಿಯ ಫೋಟೊ ಪಾಸ್‌ಬುಕ್ಕೂ ನಡೆಯುತ್ತದೆ; ಹಾಗಾಗಿ ಇಲ್ಲಿಯೂ ನಡೆಯುತ್ತದೆ ಅಂದುಕೊಳ್ಳುತ್ತಾರೆ. ಅದು ಚುನಾವಣಾ ಆಯೋಗದ ಪಟ್ಟಿ, ಇದು ಬೇರೆ.

ನನ್ನನ್ನು ಕೇಳಿದರೆ ಮೊದಲ ಆಯ್ಕೆ ಡ್ರೈವಿಂಗ್ ಲೈಸೆನ್ಸಿನ ಸ್ಮಾರ್ಟ್ ಕಾರ್ಡ್. ಪಾಕೀಟಿನಲ್ಲಿ ಹೇಗೂ ಇರುತ್ತದೆ. ಅವಧಿ ಮುಗಿದಿರಬಾರದು, ಅಷ್ಟೇ. ಹಿಂದಿನ ದಿನ ತಾರೀಖು ನೋಡಿಕೊಳ್ಳಿ. ಪ್ಯಾನ್‌ಗೆ ಅವಧಿಯೇ ಇಲ್ಲ, ಆದರೆ ಹದಿನೈದು ವರ್ಷದ ಹಿಂದಿನ ಕಾರ್ಡಾದರೆ ಫೋಟೊ ಅಂಚೆಚೀಟಿಯಷ್ಟೂ ಸ್ಪಷ್ಟವಿರುವುದಿಲ್ಲ. ಹಳೆಯ ಕಪ್ಪು-ಬಿಳುಪು ಮತದಾರರ ಚೀಟಿಯದೂ ಅದೇ ಗತಿ: ಲ್ಯಾಮಿನೇಶನ್ ಒಳಗೆ ಹಳದಿಗಟ್ಟಿದ ಮುಖ, ಅದಕ್ಕೂ ಈಗಿನ ಮುಖಕ್ಕೂ ಸಂಬಂಧ ಹಚ್ಚುವುದೇ ಕಷ್ಟ. ಪಾಸ್‌ಪೋರ್ಟ್ ಎಲ್ಲಕ್ಕಿಂತ ಗಟ್ಟಿ ದಾಖಲೆ ನಿಜ, ಆದರೆ ಬೆಂಗಳೂರಿಗೆ ಹೋಗಿಬರಲು ಅದನ್ನು ಹೊತ್ತೊಯ್ದು ಕಳೆದುಕೊಳ್ಳುವುದು ಯಾಕೆ? ಮುಂದೆ ವಿದೇಶಕ್ಕೆ ಹೋಗುವ ಟಿಕೆಟ್ ಆದರೆ ಮಾತ್ರ ಸಾಂಬ್ರಾದಿಂದಲೇ ಪಾಸ್‌ಪೋರ್ಟ್ ತೋರಿಸಿ, ಹೆಸರೂ ಅದರಲ್ಲಿದ್ದಂತೆಯೇ ಇರಲಿ.

ಮೂಲ ಕಾರ್ಡೇ ಬೇಕು. ಝೆರಾಕ್ಸ್ ನಡೆಯುವುದಿಲ್ಲ, ವಾಟ್ಸಾಪ್‌ನಲ್ಲಿ ಮಗಳು ಕಳಿಸಿದ ಆಧಾರ್ ಫೋಟೊ ಝೆರಾಕ್ಸ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಮೊಬೈಲಿನಲ್ಲಿ ತೋರಿಸುವುದಾದರೆ ಎಂ-ಆಧಾರ್ ಅಥವಾ ಡಿಜಿಲಾಕರ್ ಆ್ಯಪ್ ತೆರೆದು ತೋರಿಸಬೇಕು. ಡಿಜಿಲಾಕರ್‌ನಲ್ಲಿ ಎರಡು ಬಗೆ ಇವೆ: ಇಲಾಖೆಯಿಂದ ನೇರವಾಗಿ ಬಂದ ದಾಖಲೆ ಒಂದು, ನಾವೇ ಸ್ಕ್ಯಾನ್ ಮಾಡಿ ಏರಿಸಿದ್ದು ಇನ್ನೊಂದು. ಮೊದಲನೆಯದಕ್ಕೆ ಮಾತ್ರ ಮೂಲ ದಾಖಲೆಯ ಬೆಲೆ. ಈ ಆ್ಯಪ್‌ಗಳು ಆಧಾರ್‌ಗೆ ಜೋಡಿಸಿದ ನಂಬರಿಗೆ ಒಟಿಪಿ ಕೇಳುತ್ತವೆ. ಆ ಸಿಮ್ ಮನೆಯಲ್ಲಿ ಅಜ್ಜನ ಕೀಪ್ಯಾಡ್ ಫೋನಿನಲ್ಲಿದ್ದರೆ ಬಾಗಿಲಲ್ಲಿ ನಿಂತು ಊರಿಗೆ ಫೋನ್ ಹಚ್ಚಬೇಕಾಗುತ್ತದೆ. ಹಿಂದಿನ ದಿನವೇ ಲಾಗಿನ್ ಆಗಿ ಒಮ್ಮೆ ತೆರೆದು ನೋಡಿ. ಇ-ಆಧಾರ್ ಪಿಡಿಎಫ್ ಇಳಿಸಿ ಪ್ರಿಂಟ್ ತೆಗೆಸುವವರಿಗೆ ಅದರ ಪಾಸ್‌ವರ್ಡ್: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡಕ್ಷರದಲ್ಲಿ, ಅದಕ್ಕೆ ಅಂಟಿ ಹುಟ್ಟಿದ ಇಸವಿ.

ತಂದೆ-ತಾಯಿ ಅಥವಾ ಪಾಲಕರ ಜೊತೆ ಹೋಗುವ ಚಿಕ್ಕ ಮಕ್ಕಳಿಗೆ ಭದ್ರತೆಯ ಬಾಗಿಲಲ್ಲಿ ಪ್ರತ್ಯೇಕ ಐಡಿ ಕೇಳುವುದಿಲ್ಲ, ದೊಡ್ಡವರದ್ದು ಸರಿಯಿದ್ದರೆ ಸಾಕು. ಆದರೆ ಎರಡು ವರ್ಷದೊಳಗಿನ ಕೂಸಿಗೆ ತೊಡೆಯ ಮೇಲಿನ ಟಿಕೆಟ್ ತೆಗೆಸಿದ್ದರೆ ಕೌಂಟರಿನವರು ವಯಸ್ಸಿನ ದಾಖಲೆ ಕೇಳುತ್ತಾರೆ. ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ. ಹಿರಿಯ ನಾಗರಿಕರ ರಿಯಾಯಿತಿ, ವಿದ್ಯಾರ್ಥಿ ರಿಯಾಯಿತಿ ತೆಗೆದುಕೊಂಡವರದೂ ಇದೇ ಕಥೆ. ಬಾಗಿಲಿಗೆ ಒಂದು ಕಾರ್ಡ್, ರಿಯಾಯಿತಿಗೆ ಪುರಾವೆಯಾಗಿ ಇನ್ನೊಂದು. ಖಾಸಗಿ ಕಾಲೇಜಿನ ಐಡಿ ಎರಡನೆಯದಕ್ಕೆ ಆದೀತು, ಮೊದಲನೆಯದಕ್ಕೆ ಆಗದು. ಹಳೆಯ ಆಧಾರ್‌ಗಳಲ್ಲಿ ಬರೀ ಹುಟ್ಟಿದ ಇಸವಿ ಇರುತ್ತದೆ, ವಯಸ್ಸು ತೋರಿಸಲು ಪೂರ್ತಿ ತಾರೀಖು ಇರುವ ಕಾರ್ಡ್ ಒಳ್ಳೆಯದು.

ಹತ್ತರಲ್ಲಿ ಒಂದೂ ಇಲ್ಲದವರಿಗೂ ಒಂದು ದಾರಿ ಇದೆ. ಕೇಂದ್ರ ಅಥವಾ ರಾಜ್ಯ ಸರ್ಕಾರದ ‘ಎ’ ಗುಂಪಿನ ಗೆಜೆಟೆಡ್ ಅಧಿಕಾರಿ ತಮ್ಮ ಲೆಟರ್‌ಹೆಡ್‌ನಲ್ಲಿ ಗುರುತಿನ ಪ್ರಮಾಣಪತ್ರ ಕೊಡಬಹುದು. ಅದರ ಮೇಲೆ ಪ್ರಯಾಣಿಕರ ಫೋಟೊ ಅಂಟಿಸಿ, ಅಧಿಕಾರಿ ಅದನ್ನೂ ದೃಢೀಕರಿಸಿರಬೇಕು. ಜಮಖಂಡಿ, ಇಂಡಿ, ಚಿಕ್ಕೋಡಿ, ಬೈಲಹೊಂಗಲದಲ್ಲಿ ಉಪವಿಭಾಗದ ಅಸಿಸ್ಟಂಟ್ ಕಮಿಷನರ್ ಕಚೇರಿಗಳಿವೆ. ಪಂಚಾಯಿತಿ ಅಧ್ಯಕ್ಷರ ಪತ್ರ, ಕಾರ್ಪೊರೇಟರ್ ಪತ್ರ ಇದಕ್ಕೆ ಸಾಲದು. ಕಾರ್ಡ್ ಕಳೆದ ಬಗ್ಗೆ ಪೊಲೀಸರು ಕೊಟ್ಟ ಚೀಟಿ ಕಾರ್ಡ್ ಕಳೆದಿದೆ ಎಂದಷ್ಟೇ ಹೇಳುತ್ತದೆ, ನೀವು ಯಾರೆಂದು ಹೇಳುವುದಿಲ್ಲ.

ಹೋಗುವಾಗ ಸಾಂಬ್ರಾ, ಬರುವಾಗ ಬೆಂಗಳೂರು. ಅಲ್ಲಿ 2022ರ ಡಿಸೆಂಬರ್‌ನಿಂದ ಡಿಜಿ ಯಾತ್ರಾ ಇದೆ: ಆಧಾರ್ ಜೋಡಿಸಿ, ಸೆಲ್ಫಿ ತೆಗೆದು, ಬೋರ್ಡಿಂಗ್ ಪಾಸ್ ಏರಿಸಿದರೆ ಕ್ಯಾಮೆರಾಗೆ ಮುಖ ತೋರಿಸಿ ಒಳಗೆ ಹೋಗಬಹುದು. ಇಲ್ಲಿ ಟಿಕೆಟ್‌ನ ಹೆಸರು ಆಧಾರ್‌ನ ಹೆಸರಿಗೇ ಹೊಂದಬೇಕು, ಪ್ಯಾನ್ ನೋಡಿ ಬುಕ್ ಮಾಡಿದ್ದರೆ ಆ್ಯಪ್ ಒಪ್ಪದಿರಬಹುದು. ಡಿಜಿ ಯಾತ್ರಾವನ್ನು ನಂಬಿದವರೂ ಜೇಬಿನಲ್ಲಿ ಕಾರ್ಡ್ ಇಟ್ಟಿರಬೇಕು, ಯಾವ ಹಂತದಲ್ಲೂ ಕೇಳಬಹುದು.

ಎರಡು ಕಾರ್ಡ್ ಒಯ್ಯಿರಿ, ಎರಡನ್ನೂ ಒಂದೇ ಪಾಕೀಟಿನಲ್ಲಿ ಇಡಬೇಡಿ. ಒಳಗೆ ತಪಾಸಣೆಯಲ್ಲಿ ಮೊಬೈಲು, ಪಾಕೀಟು, ಬೆಲ್ಟು ಎಲ್ಲ ಟ್ರೇಗೆ ಹೋಗುತ್ತವೆ. ಬಿಡಿ ಕಾರ್ಡನ್ನು ಟ್ರೇ ತಳಕ್ಕೆ ಹಾಕಿದರೆ ಅದು ಅಂಟಿಕೊಂಡಂತೆ ಕೂತುಬಿಡುತ್ತದೆ, ಹಿಂದಿನಿಂದ ಇನ್ನೊಬ್ಬರ ಟ್ರೇ ಬಂದು ಗುದ್ದುತ್ತದೆ, ಗಡಿಬಿಡಿಯಲ್ಲಿ ಬೆಲ್ಟು ಎತ್ತಿಕೊಂಡು ಕಾರ್ಡ್ ಬಿಟ್ಟುಹೋಗುತ್ತೇವೆ. ಟ್ರೇಗೆ ಹಾಕುವ ಮುಂಚೆ ಕಾರ್ಡನ್ನು ಕೈಚೀಲದ ಜಿಪ್ ಖಾನೆಗೆ ಸೇರಿಸಿ, ಜಿಪ್ ಎಳೆಯಿರಿ.