ಕಲ್ಲುಸಕ್ಕರೆ ಕಟ್ಟಿದ ಬಾಟಲಿ

ಚಿಕ್ಕಬಳ್ಳಾಪುರ, 9 ಜನವರಿ 2025, ಗುರುವಾರ

ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮನೆಗೆ ಬಂದೆ. ನಂದಿ ಬೆಟ್ಟದ ಕಡೆಯ ಚಳಿಗೆ ಬೆರಳು ಇನ್ನೂ ಸೆಟೆದುಕೊಂಡಿವೆ. ಮಲಗುವ ಮೊದಲು ಇದನ್ನು ಬರೆದಿಡಬೇಕು.

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರೊಬ್ಬರಿಗೆ ಎರಡು ಗಂಟೆಗೆ ಮ್ಯಾನಿಟಾಲ್ ಎಂಬ, ಮೆದುಳಿನ ಊತ ಇಳಿಸುವ ಔಷಧಿಯನ್ನು ಡ್ರಿಪ್ ಮೂಲಕ ಹಾಕಬೇಕಿತ್ತು. ಬಾಟಲಿ ಎತ್ತಿ ಬೆಳಕಿಗೆ ಹಿಡಿದೆ. ತಳದಲ್ಲಿ ಸೂಜಿಯಂಥ ಬಿಳಿ ಹರಳು. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಗಾಬರಿಯಾದರು.

"ಸಿಸ್ಟರ್, ಕಲ್ಲುಸಕ್ಕರೆ ಕಟ್ಟಿದೆಯಲ್ಲ! ಇವರಿಗೆ ಶುಗರ್ ಇದೆ, ಇದು ಬೇಡ."

ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಮ್ಯಾನಿಟಾಲ್ ಸಿಹಿಯಾಗಿಯೇ ಇರುತ್ತದೆ, ಸಕ್ಕರೆಯ ಸುಮಾರು ಅರ್ಧದಷ್ಟು. ಶುಗರ್ ಆಲ್ಕೊಹಾಲ್ ಎನ್ನುವ ಗುಂಪಿನದು, ಆದರೆ ಅಮಲಿಗೂ ಇದಕ್ಕೂ ಸಂಬಂಧವಿಲ್ಲ. ರಕ್ತದ ಸಕ್ಕರೆಯೂ ಏರುವುದಿಲ್ಲ. ರಕ್ತನಾಳಕ್ಕೆ ಹಾಕಿದ್ದರಲ್ಲಿ ಬಹುಪಾಲು ಹಾಗೇ ಮೂತ್ರದಲ್ಲಿ ಹೊರಟುಹೋಗುತ್ತದೆ.

"ಅಮ್ಮಾ, ಉಪ್ಪು ಹಾಕಿದ ಮಾವಿನಕಾಯಿ ನೀರು ಬಿಡುತ್ತೆ ಅಲ್ವಾ? ಹಾಗೆ ಇದು ಊದಿಕೊಂಡ ಮೆದುಳಿನ ನೀರು ಎಳೆಯುತ್ತೆ" ಎಂದೆ. ಉಪ್ಪಿನಕಾಯಿ ಹಾಕಿದ ಕೈ ಅದು, ತಕ್ಷಣ ಅರ್ಥವಾಯಿತು. ಮ್ಯಾನಿಟಾಲ್ ತಾನು ಮೆದುಳಿನೊಳಗೆ ನುಗ್ಗದೆ ರಕ್ತದಲ್ಲೇ ಉಳಿಯುತ್ತದೆ. ಅದಕ್ಕೇ ಆ ಎಳೆತ. ಬಂದ ನೀರನ್ನು ಕಿಡ್ನಿ ಹೊರಗೆ ಹಾಕುತ್ತದೆ.

100 ಎಂಎಲ್‌ನಲ್ಲಿ 20 ಗ್ರಾಂ ಇರುತ್ತದೆ. ಚಳಿ ಜಾಸ್ತಿಯಾದರೆ ನೀರು ಅಷ್ಟನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಹರಳು ಕಟ್ಟುತ್ತದೆ. ಔಷಧಿ ಕೆಟ್ಟಿರುವುದಿಲ್ಲ. ಆದರೆ ಹಾಗೇ ಹಾಕುವಂತಿಲ್ಲ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಅಲುಗಾಡಿಸಿದೆ. ಒಂದು ಹರಳೂ ಉಳಿದಿಲ್ಲ ಎಂದು ನೋಡಿ, ಮೈಬಿಸಿಯಷ್ಟಕ್ಕೆ ಆರಿದ ಮೇಲೆ ಫಿಲ್ಟರ್ ಇರುವ ಡ್ರಿಪ್ ಸೆಟ್‌ನಲ್ಲಿ ಹಾಕಿದೆ. ಅಷ್ಟೂ ಹೊತ್ತು ಆ ತಾಯಿ ಪಕ್ಕದಲ್ಲೇ ನಿಂತು ನೋಡಿದರು. ನನಗೆ ಅದು ಇಷ್ಟವಾಯಿತು. ಹೀಗೆ ಕೇಳುವವರು ಬೇಕು.

ಹನಿ ಬೀಳುವಾಗ ಅವರಿಗೆ ಇನ್ನಷ್ಟು ಹೇಳಿದೆ. 1806ರಲ್ಲಿ ಪ್ರೂಸ್ಟ್ ಎಂಬ ಫ್ರಾನ್ಸಿನ ವಿಜ್ಞಾನಿ ಇದನ್ನು ಮರದ ಒಣಗಿದ ರಸದಿಂದ ಬೇರೆ ಮಾಡಿದ್ದು. ಈಗ ಕಾರ್ಖಾನೆಯಲ್ಲಿ ಹಣ್ಣಿನ ಸಕ್ಕರೆಗೆ ಹೈಡ್ರೋಜನ್ ಸೇರಿಸಿ ಮಾಡುತ್ತಾರೆ. ಅಗಿಯುವ ಮಾತ್ರೆಗಳಿಗೂ ಬೆರೆಸುತ್ತಾರೆ, ಗಾಳಿಯ ತೇವ ಹೀರುವುದಿಲ್ಲ ಅಂತ. ಕರಗುವಾಗ ಬಿಸಿ ಎಳೆದುಕೊಳ್ಳುವುದರಿಂದ ನಾಲಗೆಗೆ ತಣ್ಣಗೆನಿಸುತ್ತದೆ. ಇದರ ಅಣ್ಣತಮ್ಮ ಸಾರ್ಬಿಟಾಲ್ ಟೂತ್‌ಪೇಸ್ಟ್ ಒಣಗದಂತೆ ಕಾಯುತ್ತದೆ.

ಐದು ಗಂಟೆಗೆ ಮೂತ್ರದ ಚೀಲ ತುಂಬಿತ್ತು. ಅಳತೆ ಬರೆದೆ. ಹೆಸರು ಹಿಡಿದು ಕೂಗಿದರೆ ಅವರು ಕಣ್ಣು ತೆರೆದರು. ಹೊರಡುವ ಮುನ್ನ ಬಾಟಲಿಗಳ ಪೆಟ್ಟಿಗೆಯನ್ನು ಕಿಟಕಿ ಪಕ್ಕದಿಂದ ಒಳಗಿನ ಕಪಾಟಿಗೆ ಸರಿಸಿ ಬಂದೆ.