‘ಕನ್ನಡ ಸರಿಯಾಗಿ ಬರ್ತಿಲ್ಲ’ ಎಂಬ ದೂರನ್ನು ಬಿಡಿಸುವುದು ಹೇಗೆ

ಪ್ರೋಗ್ರಾಂ ಬರೆಯಲು ಬಳಸುವ ವಿಎಸ್ ಕೋಡ್ ತಂತ್ರಾಂಶದ ತಂಡದ್ದು ನೇರ ಲೆಕ್ಕ. ಹೊಸ ಸೌಲಭ್ಯದ ಕೋರಿಕೆಗೆ 60 ದಿನದೊಳಗೆ 20 ಮತ ಬಿದ್ದರೆ ಅದು ಕೆಲಸದ ಪಟ್ಟಿಗೆ ಸೇರುತ್ತದೆ, ಬೀಳದಿದ್ದರೆ ಸಾಮಾನ್ಯವಾಗಿ ಮುಚ್ಚುತ್ತಾರೆ. ಕನ್ನಡದ ಕೀಬೋರ್ಡಿಗೋ ಫಾಂಟಿಗೋ ಇದೇ ಅಳತೆ ಹಿಡಿದರೆ ಒಂದು ಕೆಲಸವೂ ಮುಂದೆ ಸಾಗದು. ಡಿಟಿಪಿ ಮಾಡುವವರು, ಶಾಲೆಯ ಮೇಷ್ಟ್ರು ಇಂಥ ಕೋರಿಕೆಗಳು ದಾಖಲಾಗುವ ಗಿಟ್‌ಹಬ್ ತಾಣದಲ್ಲಿ ಖಾತೆ ತೆರೆದು ಮತ ಹಾಕುವವರಲ್ಲ. ವಾಟ್ಸ್ಯಾಪಿನಲ್ಲಿ ‘ಕನ್ನಡ ಸರಿಯಾಗಿ ಬರ್ತಿಲ್ಲ’ ಎಂದು ಒಂದು ಸಾಲು ಹಾಕಿ ಸುಮ್ಮನಾಗುತ್ತಾರೆ.

ಆ ಸಾಲನ್ನು ಬಿಡಿಸುವುದೇ ತಂತ್ರಾಂಶ ಮಾಡುವವರ ಅಸಲಿ ಕೆಲಸ. ‘ಸೂರ್ಯ’ ಪದದ ಅರ್ಕಾವತ್ತು ಕೆಟ್ಟಿದೆ ಅನ್ನಿ. ತಪ್ಪು ಕೀಬೋರ್ಡಿನದಿರಬಹುದು, ಫಾಂಟಿನದಿರಬಹುದು, ಅಕ್ಷರ ಜೋಡಿಸುವ ಶೇಪಿಂಗ್ ಎಂಜಿನ್ನಿನದೂ ಇರಬಹುದು. ಮೂರನ್ನೂ ನೋಡಿಕೊಳ್ಳುವವರು ಬೇರೆ ಬೇರೆ. ಸ್ಕ್ರೀನ್‌ಶಾಟ್ ಒಂದೇ ಸಾಲದು, ಆ ಪದವನ್ನೇ ಕಾಪಿ ಮಾಡಿ ಕಳಿಸಲು ಕೇಳಿ. ರ ಆದಮೇಲೆ ನೇರವಾಗಿ ಹಲಂತ (ಸ್ವರ ಕಳೆಯುವ ಚಿಹ್ನೆ) ಬಂದರೆ ಅರ್ಕಾವತ್ತು ಮೂಡುತ್ತದೆ. ನಡುವೆ ಕಣ್ಣಿಗೆ ಕಾಣದ ಜೋಡಣೆ ಸಂಕೇತ ಝಡ್‌ಡಬ್ಲ್ಯುಜೆ ಕೂತರೆ ‘ಸೂರ‍್ಯ’ ಆಗುತ್ತದೆ. ಬೇಡದ ಕಡೆ ಅದು ಸಿಕ್ಕರೆ ಮೊದಲ ಅನುಮಾನ ಕೀಬೋರ್ಡಿನ ಮೇಲೆ. ಸಿಗದಿದ್ದರೆ ಅದೇ ಆ್ಯಪಿನಲ್ಲಿ ಫಾಂಟ್ ಬದಲಿಸಿ: ಸರಿಹೋದರೆ ಫಾಂಟಿನ ದೋಷ, ಇಲ್ಲದಿದ್ದರೆ ಅನುಮಾನ ಶೇಪಿಂಗ್ ಎಂಜಿನ್ನಿನ ಮೇಲೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎರಡರಲ್ಲೂ ಕೆಟ್ಟಿದೆ ಎಂದು ಎರಡು ಸಾಕ್ಷಿ ಎಣಿಸಬೇಡಿ, ಎರಡರ ಒಳಗೂ ಇರುವುದು ಒಂದೇ ಶೇಪಿಂಗ್ ಎಂಜಿನ್, ಹಾರ್ಫ್‌ಬಜ್.

‘ನಿಮಗೆ ಏನು ಬೇಕು?’ ಎಂದು ಕೇಳಿದರೆ ಬಣ್ಣ, ಥೀಮ್, ಇಮೋಜಿಯ ಪಟ್ಟಿ ಬರುತ್ತದೆ. ‘ಕೊನೆಯ ಸಲ ಎಲ್ಲಿ ಸಿಕ್ಕಿಕೊಂಡಿರಿ, ಆಮೇಲೆ ಏನು ಮಾಡಿದಿರಿ?’ ಎಂದು ಕೇಳಿ. ‘ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕನ್ವರ್ಟ್ ಮಾಡಿಕೊಂಡೆ’ ಎಂದರೆ ಬಳಸುದಾರಿ ಇದೆ, ಆದರೆ ಅದಕ್ಕೆ ದಿನವೂ ಸಮಯ ತೆರುತ್ತಿದ್ದಾರೆ. ‘ಕೈಬಿಟ್ಟೆ’ ಎಂದರೆ ಆ ದೂರು ಕೆಲಸದ ಪಟ್ಟಿಯಲ್ಲಿ ಮೇಲೇರಬೇಕು. ಬರೆದದ್ದೇ ಅಳಿಸಿಹೋಗುವ ದೋಷಕ್ಕೆ ಒಬ್ಬರೇ ದೂರಿದ್ದರೂ ಮೊದಲ ಸ್ಥಾನ, ಇದರಲ್ಲಿ ರಾಜಿ ಬೇಡ.

ಆಮೇಲಷ್ಟೇ ತಲೆ ಎಣಿಕೆ. ಒಂದೇ ಕಚೇರಿಯಿಂದ ಹತ್ತು ದೂರು ಬಂದರೆ ಹತ್ತೂ ಕಂಪ್ಯೂಟರಿನಲ್ಲಿ ಒಂದೇ ಹಳೆಯ ಫಾಂಟ್ ಇರಬಹುದು. ಬೇರೆ ಬೇರೆ ಊರಿನ ಮೂರು ದೂರು ಅದಕ್ಕಿಂತ ತೂಕದವು. ಮರುಕಳಿಸಿದ ದೂರನ್ನು ಅಳಿಸದೆ ಮೂಲ ದೂರಿಗೆ ಕೊಂಡಿ ಹಾಕಿ ಮುಚ್ಚಿ. ಮತ ಹಾಕದ ಬಳಕೆದಾರರ ಮತ ಅಲ್ಲೇ ಇರುತ್ತದೆ.

ಸರಿಪಡಿಸಿದ ಮೇಲೆ ಪರೀಕ್ಷಾ ಆವೃತ್ತಿಯನ್ನು ದೂರಿದವರಿಗೇ ಮೊದಲು ಕಳಿಸಿ, ಅದೇ ಪದವನ್ನು ಅದೇ ಫೋನಿನಲ್ಲಿ ಬರೆದು ನೋಡಲು ಹೇಳಿ.